ಇಪ್ಪತ್ತು ನಿಮಿಷ

ಆ ವಹಿಗಳಿಗೆ ಗೆರೆ ಹಾಕಿದವಳು ನಾನೇ.
ಕೈ, ಹಲ್ಲು, ನಿದ್ದೆ: ಮೂರು ಮನೆ, ದಿನಕ್ಕೊಂದು ಸಾಲು.
ಅತ್‌ಬಾಶಿಯ ಶಾಲೆ, ನಾಲ್ಕನೆಯ ತರಗತಿ,
ಹದಿನೇಳು ವಹಿ ಸೋಮವಾರ ಮೇಜಿಗೆ ಬಂದವು.
ಎಲ್ಲ ಸರಿ, ಎಲ್ಲರೂ ಸರಿ.
ಭಾನುವಾರ ರಾತ್ರಿ ಒಂದೇ ಪೆನ್ನಿನಲ್ಲಿ, ಒಂದೇ ಉಸಿರಿಗೆ
ಏಳು ದಿನದ ಹಲ್ಲುಜ್ಜಿ ಮುಗಿಸಿದ ಜಾಣರು!

ಬೆಗಿಮಾಯಳದರಲ್ಲಿ ಮಾತ್ರ
ನಿದ್ದೆಯ ಮನೆಗಳಲ್ಲಿ ನಾಲ್ಕು ತಪ್ಪುಗುರುತು,
ಕಾಗದ ಹರಿಯುವಷ್ಟು ಒತ್ತಿ ಬರೆದದ್ದು.

ಯಾಕೆ ಅಂದೆ. ಬೂಟಿನ ತುದಿ ನೋಡಿಕೊಂಡು ಹೇಳಿದಳು:
ಅಪ್ಪ ಕುಬಾತ್ ಲಾರಿಯವನು, ತೊರುಗಾರ್ತ್ ಘಟ್ಟ ಹತ್ತಿ
ಗಡಿಯಾಚೆಯ ಸರಕು ತರುವವನು.
ಊರಲ್ಲಿದ್ದರೆ ಇಬ್ಬರೂ ಒಟ್ಟಿಗೆ ಹಲ್ಲುಜ್ಜುತ್ತಾರೆ,
ಇಲ್ಲದಿದ್ದರೆ ಫೋನಿನಲ್ಲಿ.
ಇವಳದು ಕಿಟಕಿಗೆ ಒರಗಿ, ಅವನದು ಸ್ಟೀರಿಂಗಿಗೆ ಒರಗಿ,
ನೊರೆ ತುಂಬಿದ ಎರಡು ಬಾಯಿ,
ಮಾತಿಲ್ಲದ ಮಾತು.
ಘಟ್ಟದಲ್ಲಿ ಸಿಗ್ನಲ್ಲಿಲ್ಲ. ಗಡಿಯ ಚೌಕಿ ಮುಟ್ಟಬೇಕು.
ಅಲ್ಲಿತನಕ ಬ್ರಷ್ಷಿಗೆ ಪೇಸ್ಟು ಹಾಕಿಟ್ಟು ಕೂತಿರುತ್ತಾಳೆ.
ಪೇಸ್ಟು ಒಣಗುತ್ತದೆ.

ಗದರಬೇಕಿತ್ತು.
ಎರಡನೆಯ ಪಿರಿಯಡ್ಡಿಗೇ ತಲೆ ಡೆಸ್ಕಿಗೆ ವಾಲುವ ಹುಡುಗಿ.
ಆದರೆ ರಾತ್ರಿ ಹನ್ನೊಂದಕ್ಕೆ ಸಕ್ಕರೆ ಕಚ್ಚಿಕೊಂಡು
ಚಹಾ ಹೀರುವ ಬಾಯಿಗೆ
ಗದರಿಕೆ ಸುಲಭಕ್ಕೆ ಬರುವುದಿಲ್ಲ.

ಅಂದಿನ ಪಾಠದಲ್ಲಿ ಒಂದು ತೊಟ್ಟಿ ಇತ್ತು, ಎರಡು ನಲ್ಲಿ ಇದ್ದವು,
ಯಾರ ಮನೆಯದೋ, ಯಾರಿಗೆ ಬಾಯಾರಿತ್ತೋ.
ಪುಸ್ತಕ ಮುಚ್ಚಿ ಬೋರ್ಡಿನ ಮೇಲೆ ಬರೆದೆ:
ಬೆಗಿಮಾಯಳ ಅಪ್ಪ ಮೂರಕ್ಕೆ ಹೊರಟ.
ದಾರಿ ನೂರೈವತ್ತು ಕಿಲೋಮೀಟರು. ಗಂಟೆಗೆ ಮೂವತ್ತು.
ಎಷ್ಟು ಹೊತ್ತಿಗೆ ಹಲ್ಲುಜ್ಜುತ್ತಾನೆ?

"ಎಂಟಕ್ಕೆ!" ಅಂದರು ಮುಂದಿನ ಬೆಂಚಿನವರು.
ಹಿಂದಿನಿಂದ ಒಂದು ಕೈ. ವರ್ಷವಿಡೀ ಏಳದ ಕೈ,
ನುರ್ದೊಲೊತನದು. ಅವನ ಮಾವನೂ ಡ್ರೈವರು.
"ಏರಿನಲ್ಲಿ ಮೂವತ್ತು ಎಲ್ಲಿಂದ ಬಂತು, ಎಜೆ?
ಕೊನೆಯ ಅರವತ್ತು ಬರೀ ಹಿಮ. ಇಪ್ಪತ್ತು ಸಿಕ್ಕರೆ ಪುಣ್ಯ.
ಚಕ್ರಕ್ಕೆ ಸರಪಳಿ ಬಿಗಿಯಬೇಕು,
ಅದಕ್ಕೊಂದು ಇಪ್ಪತ್ತು ನಿಮಿಷ."
"ಚಹಾ ಕುಡಿಯೋದಿಲ್ವಾ?" ಅಂದಳೊಬ್ಬಳು.
"ಕುಡೀತಾನೆ. ಓಡಿಸ್ತಾ ಓಡಿಸ್ತಾ," ಅಂದಳು ಮಗಳು, ಖಡಾಖಂಡಿತ.
ಸೀಮೆಸುಣ್ಣ ಮುರಿಯಿತು. ಗಂಟೆ ಹೊಡೆದದ್ದು
ಯಾರ ಕಿವಿಗೂ ಬೀಳಲಿಲ್ಲ.

ಒಂಬತ್ತು ಇಪ್ಪತ್ತು.
ಉತ್ತರವನ್ನು ಅವಳು ಬಹಳ ಹೊತ್ತು ನೋಡಿದಳು.
"ಎಂಟೂವರೆಗೆ ನನ್ನದು ನಾನು ಉಜ್ಜಿಕೊಂಡು ಮಲಗ್ತೀನಿ.
ಅವನ ಜೊತೆಗೆ ಯಾರು?"
ನಮ್ಮ ಗುಣಾಕಾರದ ಹತ್ತಿರ ಅದಕ್ಕೆ ಉತ್ತರವಿರಲಿಲ್ಲ.

ಮರುದಿನ ಬಂದು ಹೇಳಿದಳು:
ಫೋನು ಅಜ್ಜಿ ಸುಯುಮ್‌ಖಾನಳ ಮಡಿಲಲ್ಲಿತ್ತಂತೆ.
ಹೊಡೆದುಕೊಂಡಾಗ ಅಜ್ಜಿ
ಬಟ್ಟಲ ನೀರಿನಿಂದ ತನ್ನ ಹಲ್ಲಿನ ಸೆಟ್ಟು ಎತ್ತಿ
ಅಂಗೈಯಲ್ಲಿಟ್ಟು ಉಜ್ಜಿದಳಂತೆ, ಮಗನ ಕಣ್ಣೆದುರೇ.
ಬೊಚ್ಚು ಬಾಯಲ್ಲೇ ಜೋರು ಮಾಡಿದಳಂತೆ:
"ಒಳಗಿನವು! ಒಳಗಿನವು ಉಜ್ಜೋ!
ಆರು ವರ್ಷದವನಿದ್ದಾಗಲೂ ಹೀಗೇ ಮೋಸ ಮಾಡ್ತಿದ್ದೆ."

"ನೀನು ಮಲಗಿದ್ದೆಯಲ್ಲ, ಇದೆಲ್ಲ ಹೇಗೆ ಗೊತ್ತು?"
ವಹಿ ತೆರೆದು ತೋರಿಸಿದಳು.
ನಿದ್ದೆಯ ಮನೆಯಲ್ಲಿ ಹೊಸದೊಂದು ಗುರುತು,
ಸರಿಯೂ ಅಲ್ಲ, ತಪ್ಪೂ ಅಲ್ಲ,
ಕಂಬಳಿಯೊಳಗಿಂದ ಇಣುಕಿದ ಹಾಗೆ.

ಹದಿನೆಂಟನೆಯ ವಹಿಯೊಂದಕ್ಕೆ ಗೆರೆ ಹಾಕಿಕೊಂಡಿದ್ದೇನೆ, ನನಗೆ.
ಈವರೆಗೆ ಎಲ್ಲ ತಪ್ಪುಗುರುತೇ,
ಆದರೆ ಅದೇ ರಾತ್ರಿ ಬರೆದವು.

ಇನ್ನೊಂದು ಉಳಿದಿದೆ. ಫೋನು ಬಂದದ್ದು
ಒಂಬತ್ತು ನಲವತ್ತಕ್ಕಂತೆ.
"ನಮ್ಮ ಲೆಕ್ಕದ ಪ್ರಕಾರ ಇಪ್ಪತ್ತು ನಿಮಿಷ ಕಳೆದುಹೋಗಿದೆ, ಎಜೆ."
ಕುದುರೆ ಹಿಂಡು ಅಡ್ಡ ಬಂತು ಅನ್ನುತ್ತಾರೆ ಕೆಲವರು.
ಎದುರುಗಾಳಿ, ಅನ್ನುತ್ತಾರೆ ಕೆಲವರು.
ಇನ್ಯಾರದೋ ಚಕ್ರಕ್ಕೂ ಸರಪಳಿ ಬಿಗಿದುಕೊಟ್ಟಿರಬೇಕು
ಅನ್ನುತ್ತಾನೆ ನುರ್ದೊಲೊತ್.
ಕುಬಾತ್ ಶುಕ್ರವಾರ ಬರುತ್ತಾನೆ.
ಬೋರ್ಡು ಒರೆಸುವ ಸರದಿಯ ಹುಡುಗನಿಗೆ ಹೇಳಿದ್ದೇನೆ,
ಆ ಮೂಲೆ ಮುಟ್ಟಬೇಡ.